ಬಲಕ್ಕೆ ವಾಲಿದ ವಿಮಾನ

೧೧ ಮಾರ್ಚ್ ೨೦೨೩, ಶನಿವಾರ

ಪ್ರಿಯ ಶುಕ್ರಿ,

ಇದನ್ನು ನೀನು ಓದುವುದಿಲ್ಲ, ಕೇಳುತ್ತೀ. ರಂದಾ ನಿನ್ನ ಹಾಸಿಗೆಯ ಪಕ್ಕ ಕುಳಿತು ಓದುತ್ತಾಳೆ. ಹೆಂಡತಿಯ ಮಾತು ಮಗಳ ಗಂಟಲಿನಿಂದ ಬರುವುದು ನಿನಗೆ ವಿಚಿತ್ರ ಅನಿಸಬಹುದು. ಮಗಳ ಕಿವಿಯನ್ನು ಹಾದು ಗಂಡನಿಗೆ ಬರೆಯುವುದು ನನಗೂ ವಿಚಿತ್ರವೇ. ಕೆಲವು ವಾಕ್ಯಗಳನ್ನು ಬರೆದು ಹೊಡೆದುಹಾಕಿದ್ದೇನೆ. ಹೊಡೆದುಹಾಕಬೇಕಾಗಿದ್ದ ಕೆಲವನ್ನು ಹಾಗೆಯೇ ಬಿಟ್ಟಿದ್ದೇನೆ. ಓದುವಾಗ ಅವಳು ಎಲ್ಲಿಯಾದರೂ ತಡೆದರೆ ಅಂಥದೊಂದು ಬಂತೆಂದು ತಿಳಿದುಕೋ.

ನಿನಗೆ ಎಲ್ಲ ಅರ್ಥವಾಗುತ್ತದೆಂದು ಡಾಕ್ಟರು ಹೇಳಿದ್ದಾರಂತೆ. ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಬಲಗೈ, ಬಲಗಾಲು ಸದ್ಯಕ್ಕೆ ನಿನ್ನವಲ್ಲ. ಮಿದುಳಿನಲ್ಲಿ ಇನ್ನೊಂದು ಸಲ ರಕ್ತ ಕಟ್ಟದಿದ್ದರೆ ಉಳಿಯುತ್ತೀ, ಕಟ್ಟಿದರೆ ಹೇಳಲಾಗದು. ಈ ವಾರ ದಾಟಬೇಕು. ರಂದಾ, ಇದನ್ನೂ ಓದು, ಬಿಡಬೇಡ. ಮುಚ್ಚಿಟ್ಟರೆ ನಿನ್ನಪ್ಪ ನಿನ್ನ ಮುಖ ನೋಡಿಯೇ ಕಂಡುಹಿಡಿಯುತ್ತಾನೆ. ಜನರಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತ ಆಯುಷ್ಯವೆಲ್ಲ ಬಾಯಿಗಳನ್ನೇ ನೋಡಿದವನು. ಯಾವ ಬಾಯಿ ಏನನ್ನು ನುಂಗಿಕೊಂಡಿದೆಯೆಂದು ಅವನಿಗೆ ತಿಳಿಯುತ್ತದೆ.

ಫೋನು ಯಾಕೆ ಮಾಡುವುದಿಲ್ಲವೆಂದು ರಂದಾ ದಿನವೂ ಕೇಳುತ್ತಾಳೆ. "ಅಮ್ಮ, ಅಪ್ಪನ ಕಿವಿ ಹತ್ರ ಇಡ್ತೀನಿ, ನೀನು ಏನಾದ್ರೂ ಮಾತಾಡು. ತರಕಾರಿ ರೇಟಾದ್ರೂ ಹೇಳು" ಎನ್ನುತ್ತಾಳೆ. ಮಾಡಿದರೆ ಏನಾಗುತ್ತದೆಂದು ನನಗೆ ಗೊತ್ತು. ನಾನು ಮಾತಾಡುತ್ತೇನೆ, ಆ ಕಡೆಯಿಂದ ನಿನ್ನ ಉಸಿರು ಕೇಳುತ್ತದೆ. ಅದನ್ನು ಮಂಗಳವಾರ ಕೇಳಿದ್ದೇನೆ. ಇನ್ನೊಮ್ಮೆ ಕೇಳುವ ಧೈರ್ಯ ಇಲ್ಲ. ಅದಕ್ಕೇ ಕಾಗದ.

ಭಯ ನನಗೆ ಹೊಸದಲ್ಲ. ಬೈರೂತಿನ ಬಂದರು ಸಿಡಿದ ಸಂಜೆ ಅಲ್ಲೇ ಗೈತಾವಿಯ ನಮ್ಮ ಮನೆಯ ಕಿಟಕಿಗಳೆಲ್ಲ ಒಳಗೆ ಬಂದು ಊಟದ ಮೇಜಿನ ಮೇಲೆ ಬಿದ್ದವು. ಎರಡು ವಾರ ಇದ್ದು ಬರುತ್ತೇನೆಂದು ಬೆಟ್ಟದಾಚೆಯ ಜಾಹ್ಲೆಗೆ, ಅಕ್ಕ ಅದೀಬಾಳ ಮನೆಗೆ ಹೋದವಳು ಎರಡು ವರ್ಷ ಕಳೆದರೂ ಅಲ್ಲೇ ಉಳಿದೆ. ಜಗಳವಾಡಿ ಬಿಟ್ಟವರಿಗೆ ರಾಜಿ ಎಂಬುದಾದರೂ ಉಂಟು. ನಾವು ಜಗಳವಾಡಲಿಲ್ಲ. ನೀನು ಫೋನಿನಲ್ಲಿ, "ಹೊಸ ಗಾಜು ಹಾಕ್ಸಿದ್ದೀನಿ, ಬಾ" ಅಂದೆ. ನಾನು, "ಗಾಜು ಹಾಕ್ಸಿದ್ದೀಯ ಅಂತಾನೇ ಬರಲ್ಲ" ಅಂದೆ. ಇಬ್ಬರೂ ನಕ್ಕೆವು. ಅಲ್ಲಿಗೆ ಆ ಮಾತು ಮುಗಿಯಿತು. ಗಂಡ ಹೆಂಡಿರು ಬೇರೆಯಾಗುವುದು ಹೀಗೂ ಇರುತ್ತದೆಂದು ನಮಗಾಗ ತಿಳಿದಿರಲಿಲ್ಲ.

ಆಮೇಲೆ ವಿಮಾನ ಬಂತು. ಮೊದಮೊದಲು ಫೋನಿನಲ್ಲಿ ನಿನ್ನ ಹಿಂದೆ ಯಾರೋ ಕೆಮ್ಮುತ್ತಿದ್ದರು. ಯಾರನ್ನು ಇಟ್ಟುಕೊಂಡಿದ್ದೀ ಎಂದು ಕೇಳಿದೆ. ನೀನು ಮಗುವಿನ ಹಾಗೆ ನಗುತ್ತ, ಎಂಜಿನ್ನು ಶುರುವಾಗುವಾಗ ಹಾಗೆಯೇ ಕೆಮ್ಮುತ್ತದೆ ಅಂದೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವವರು ಊರಿಗೆ ನೂರು ಜನ; ಎಲ್ಲರೂ ಹೊಸ ಜೆಟ್ಟುಗಳನ್ನು ಹಾರಿಸುತ್ತಾರೆ. ನೀನು ಮಾತ್ರ ಪ್ರೊಪೆಲ್ಲರಿನದೇ ಬೇಕೆಂದೆ, ನಾಲ್ಕು ಎಂಜಿನ್ನಿನದು, ನಿನ್ನಪ್ಪ ಬೈರೂತ್ ವಿಮಾನ ನಿಲ್ದಾಣದ ಕಾರ್ಖಾನೆಯಲ್ಲಿ ಎಣ್ಣೆ ಒರೆಸುತ್ತಿದ್ದಂಥದು. ಒಬ್ಬನೇ ಕುಳಿತು ತಿಂಗಳುಗಟ್ಟಲೆ ಎಂಜಿನ್ನುಗಳನ್ನು ಸುಟ್ಟೆ. ಮುಂದಿನ ಕಿಟಕಿ ನೋಡಿದರೆ ಎಂಜಿನ್ನಿನ ಮಾಪಕಗಳ ಮುಳ್ಳುಗಳನ್ನು ನೋಡುವವರಿಲ್ಲ, ಮುಳ್ಳುಗಳನ್ನು ನೋಡಿದರೆ ಬೆಟ್ಟ ಎದುರಿಗೆ ಬರುತ್ತದೆ. ಆ ಕಾಲದಲ್ಲಿ ಎಂಜಿನ್ನುಗಳಿಗೆಂದೇ ಒಬ್ಬ ಮನುಷ್ಯ ಇರುತ್ತಿದ್ದನಂತೆ.

"ನುಹಾದ್, ಔಷಧಿ ಅಂಗಡೀಲಿ ತೊಟ್ಟು ತೊಟ್ಟು ಅಳೆದು ಅಭ್ಯಾಸ ನಿಂಗೆ. ಇಲ್ಲಿ ನಾಲ್ಕು ರೋಗಿಗಳಿದ್ದಾರೆ. ಬಂದು ನೋಡ್ಕೋ."

"ನಂಗೆ ನಿಜವಾದ ವಿಮಾನ ಅಂದ್ರೇ ಭಯ, ಶುಕ್ರಿ."

"ಅದಕ್ಕೇ ಕೇಳ್ತಿರೋದು. ಹೆದರೋಳೇ ಒಳ್ಳೆ ಎಂಜಿನಿಯರ್. ಧೈರ್ಯವಂತರೆಲ್ಲ ಎಂಜಿನ್ ಸುಡ್ತಾರೆ, ನನ್ನ ಹಾಗೆ."

ಹೀಗೆ ನೀನು ಬೈರೂತಿನಲ್ಲಿ, ನಾನು ಜಾಹ್ಲೆಯಲ್ಲಿ, ಇಬ್ಬರೂ ಮೈಕಿರುವ ಕಿವಿಗವಸು ತೊಟ್ಟು, ಇಂಟರ್ನೆಟ್ಟಿನ ಮೂಲಕ ಒಂದೇ ವಿಮಾನದೊಳಗೆ ಕುಳಿತೆವು. ಚುಕ್ಕಾಣಿ ನಿನ್ನದು, ರೋಗಿಗಳು ನನ್ನವರು. ಪ್ರತಿ ಎಂಜಿನ್ನಿನ ಹಿಂದೆ ಬಿಸಿ ಹೊರಬಿಡುವ ತಗಡಿನ ರೆಪ್ಪೆಗಳನ್ನು ಎಷ್ಟು ತೆರೆಯಬೇಕು, ಎಷ್ಟು ಮುಚ್ಚಬೇಕು. ಯಾವುದಕ್ಕೆ ಜ್ವರ, ಯಾವುದಕ್ಕೆ ಚಳಿ. ಯಾವುದು ಎಣ್ಣೆ ಕುಡಿಯುತ್ತಿದೆ. ನಾನು ಮುಳ್ಳುಗಳ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ಒಂದು ಮುಳ್ಳು ಕೂದಲೆಳೆಯಷ್ಟು ಅಲುಗಿದರೂ ನಿನಗೆ ಕೂಗಿ ಹೇಳುತ್ತಿದ್ದೆ. ನೀನು ಅದನ್ನು ಇಷ್ಟಪಡುತ್ತಿದ್ದೆ. ನನ್ನ ಭಯ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ನಮ್ಮಿಬ್ಬರ ನಡುವೆ ಒಂದು ಕರಾರಿತ್ತು. ಸರಕಾರದ ಕರೆಂಟು ಹೋಗಿ ಕೆಳಗಿನ ಜನರೇಟರು ನೋಡಿಕೊಳ್ಳುವ ಅಬು ಎಲ್ಯಾಸ್ ಅದಕ್ಕೆ ತಂತಿ ತಿರುಗಿಸುವವರೆಗೆ ನಿಮ್ಮ ಕಟ್ಟಡದಲ್ಲಿ ಎಲ್ಲವೂ ಸಾಯುತ್ತದೆ. ಬ್ಯಾಟರಿಯ ಮೇಲೆ ನಿನ್ನ ಕಂಪ್ಯೂಟರು ಉಸಿರಾಡುತ್ತಿರುತ್ತದೆ, ಆದರೆ ಇಂಟರ್ನೆಟ್ಟು ಕಡಿಯುತ್ತದೆ, ನಿನ್ನ ದನಿ ನಿಲ್ಲುತ್ತದೆ. ಆಗ ಚುಕ್ಕಾಣಿ ತಾನಾಗಿ ನನ್ನ ಕಡೆಗೆ ಬರುತ್ತದೆ. ಅಂಥ ಹೊತ್ತಿನಲ್ಲಿ ಉಳಿದವರು ವಿಮಾನವನ್ನು ನೇರ ಹಿಡಿದು ಕಾಯಬೇಕು. ಕೂಗಬಾರದು, ಫೋನು ಮಾಡಬಾರದು, ಕುರ್ಚಿ ಬಿಟ್ಟು ಏಳಬಾರದು. ಜಾಹ್ಲೆಯಲ್ಲಿ ಕರೆಂಟು ಹೋಗುವುದು ಕಡಿಮೆ; ಕಾಯುವುದು ಯಾವಾಗಲೂ ನನ್ನ ಪಾಲಿಗೇ ಬರುತ್ತಿತ್ತು. "ಬೆಳಕಿಗೋಸ್ಕರ ಗಂಡನ್ನ ಬಿಟ್ಟೋಳು" ಎಂದು ನೀನು ಹಂಗಿಸುತ್ತಿದ್ದೆ. "ಕತ್ತಲೇನ ಕಟ್ಕೊಂಡೋನು" ಎಂದು ನಾನು.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಆ ಕಾಯುವ ಹೊತ್ತಿನಲ್ಲಿ ನಾನು ಮಾತಾಡುತ್ತಿದ್ದೆ. ಸತ್ತ ತಂತಿಯೊಳಕ್ಕೆ. ಅದೀಬಾ ಗೊರಕೆ ಹೊಡೆಯುತ್ತಾಳೆ, ರಾತ್ರಿ ಕನಸಿನಲ್ಲಿ ಗಾಜು ಗುಡಿಸುತ್ತಿದ್ದೆ, ನಿನ್ನ ಸ್ವೆಟರಿನ ಮೊಣಕೈ ಹರಿದಿರಬೇಕು, ಇಂಥವು. ಎದುರಿಗೆ ಹೇಳಲಾಗದ್ದನ್ನು ಗೋಡೆಗೆ ಹೇಳುವ ಹೆಂಗಸರಿದ್ದಾರೆ. ನನಗೆ ನಿನ್ನ ಕರೆಂಟಿಲ್ಲದ ಮನೆ ಸಿಕ್ಕಿತ್ತು. ಕರೆಂಟು ಬಂದು ನೀನು "ಬಂದೆ" ಅಂದ ಕೂಡಲೇ ಸುಮ್ಮನಾಗಿ, "ಎರಡನೇದಕ್ಕೆ ಸ್ವಲ್ಪ ಜ್ವರ" ಅನ್ನುತ್ತಿದ್ದೆ.

ಮಂಗಳವಾರ ಮಧ್ಯಾಹ್ನ ನಾವು ಬಾಗ್ದಾದಿಗೆ ಹೊರಟೆವು. ಕಡಲ ಮೇಲೆ ಸುತ್ತಿ ಎತ್ತರ ಗಳಿಸಿ ಬೆಟ್ಟಸಾಲಿನ ಕಡೆಗೆ ತಿರುಗಿದೆವು. ಮೋಡದೊಳಗೆ ಹೊಕ್ಕಾಗ ಮೂರನೆಯ ಎಂಜಿನ್ನಿನ ಮುಳ್ಳು ಇಳಿಯತೊಡಗಿತು. ಗಾಳಿ ಹೀರುವ ಕೊಳವೆಯಲ್ಲಿ ಹಿಮ ಕಟ್ಟುತ್ತಿತ್ತು. ನಾನು ಹೇಳುವ ಮೊದಲೇ ನೀನು ಹೇಳಿದೆ: "ಮೂರನೆಯವನಿಗೆ ನೆಗಡಿ. ಬಿಸಿ ಕೊಡು." ನಾನು ಬಿಸಿಗಾಳಿಯ ಹಿಡಿಕೆ ಎಳೆದೆ. "ಕೊಟ್ಟೆ" ಅಂದೆ.

ನೀನು ಉತ್ತರಿಸಲಿಲ್ಲ.

ನಿಮ್ಮಲ್ಲಿ ಕರೆಂಟು ಬದಲಾಗುವ ಹೊತ್ತು ಅದು. ಬೈರೂತಿನಲ್ಲಿ ಮಾತಿನ ನಡುವೆ ಒಬ್ಬರು ನಿಂತುಹೋದರೆ ಬೇರೇನೂ ಯಾರ ತಲೆಗೂ ಬರುವುದಿಲ್ಲ. ಕರೆಂಟು ಹೋಯಿತು, ಬರುತ್ತದೆ. ಕರಾರಿನಂತೆ ನಾನು ನನ್ನ ಚುಕ್ಕಾಣಿಯ ಹಿಡಿಕೆ ಹಿಡಿದು ನೇರ ಕುಳಿತೆ. ಮೋಡ ಮುಗಿಯಿತು. ಕೆಳಗೆ ಬಿಕಾ ಬಯಲು, ಅದರ ಅಂಚಿಗೆ ಜಾಹ್ಲೆ, ಕೆಂಪು ಹಂಚಿನ ಮನೆಗಳು. ನಾನು ಕುಳಿತ ಮನೆಯ ಮೇಲೆಯೇ ನಾನು ಹಾರುತ್ತಿದ್ದೆ. ಮೂರನೆಯದು ಚೇತರಿಸಿಕೊಂಡಿತ್ತು. ಕಾಫಿ ತರಲು ಎದ್ದೇಳುವಂತಿಲ್ಲವೆಂದು ಮೊದಲೇ ತಂದಿಟ್ಟುಕೊಂಡಿದ್ದೆ. ಅದನ್ನು ಗುಟುಕರಿಸುತ್ತ ಮಾತಾಡಿದೆ. ಆ ದಿನ ಆಡಿದ ಮಾತೇನೆಂದು ಆಮೇಲೆ ಬರೆಯುತ್ತೇನೆ.

ಆಮೇಲೆ ವಿಮಾನ ಬಲಕ್ಕೆ ವಾಲಿತು. ಮೆಲ್ಲಗೆ, ನಿದ್ದೆ ಬಂದವರು ಪಕ್ಕದವರ ಹೆಗಲಿಗೆ ಒರಗುವ ಹಾಗೆ. ನಾನು ಹಿಡಿಕೆಯನ್ನು ಎಡಕ್ಕೆ ತಿರುಗಿಸಿದೆ. ವಿಮಾನ ಕೇಳಲಿಲ್ಲ. ಇನ್ನಷ್ಟು ತಿರುಗಿಸಿದೆ. ಕೇಳಲಿಲ್ಲ. ಆಗ ಮೊದಲ ಸಲ ಪರದೆಯ ಮೂಲೆ ನೋಡಿದೆ. ಅಲ್ಲಿ ನಿನ್ನ ಹೆಸರಿರುತ್ತದೆ. ತಂತಿ ಕಡಿದರೆ ಬೂದು, ಇದ್ದರೆ ಹಸಿರು. ಹಸಿರಾಗಿತ್ತು. ಅಷ್ಟು ಹೊತ್ತು ನಾನು ಹಿಡಿದು ಕುಳಿತ ಹಿಡಿಕೆ ಯಾವುದಕ್ಕೂ ಅಂಟಿರಲಿಲ್ಲ. ವಿಮಾನ ನಿನ್ನ ಕೈಯಲ್ಲೇ ಇತ್ತು.

ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಆಟ ಆಡಿಸುತ್ತಿದ್ದೀ ಅನಿಸಿತು. "ಬಂದಿದ್ದೀಯಾ? ಆ ಕಡೆ ಯಾಕೆ ತಿರುಗಿಸ್ತಿದ್ದೀಯ? ಬಾಗ್ದಾದ್ ಈ ಕಡೆ" ಅಂದೆ. ಆ ಕಡೆ ಜಬಲ್ ಶೇಖ್ ಬೆಟ್ಟ ಇತ್ತು, ಹಿಮ ಹೊತ್ತು, ಕಿಟಕಿಯೊಳಗೆ ದೊಡ್ಡದಾಗುತ್ತ. ಎಂಜಿನ್ನುಗಳ ಸದ್ದಿನ ಕೆಳಗೆ ಇನ್ನೊಂದು ಸದ್ದಿತ್ತು. ಕಿವಿಗವಸನ್ನು ಎರಡೂ ಕೈಯಿಂದ ಒತ್ತಿಕೊಂಡೆ. ಒಳಗೆ ಹೋಗುವಾಗ ತಡೆದು, ಹೊರಗೆ ಬರುವಾಗ ಗೊರಗುಟ್ಟುವ ಉಸಿರು. ನಿನ್ನ ತೋಳಿನ ಭಾರ ಚುಕ್ಕಾಣಿಯ ಮೇಲೆ ಬಿದ್ದಿತ್ತು. ವಿಮಾನವನ್ನು ವಾಲಿಸುತ್ತಿದ್ದವನು ನೀನಲ್ಲ, ನಿನ್ನ ಭಾರ.

ಎಷ್ಟು ಹೊತ್ತು ಕಳೆದಿತ್ತು ಎಂದು ಡಾಕ್ಟರು ರಂದಾಳನ್ನು ಕೇಳಿದರಂತೆ. ಅವಳು ನನ್ನನ್ನು ಕೇಳಿದಳು. ಗೊತ್ತಿಲ್ಲ ಅಂದೆ. ಗೊತ್ತು. ಒಂದು ಲೋಟ ಕಾಫಿ ಗುಟುಕು ಗುಟುಕಾಗಿ ಇಳಿದು, ತಳದಲ್ಲಿ ಉಳಿದದ್ದು ತಣ್ಣಗಾಗುವಷ್ಟು.

ಚುಕ್ಕಾಣಿಯನ್ನು ನನ್ನ ಕಡೆಗೆ ಎಳೆದುಕೊಳ್ಳುವ ಗುಂಡಿಯೊಂದಿದೆ. ಅದನ್ನು ನಾನು ಎಂದೂ ಒತ್ತಿರಲಿಲ್ಲ. ಒತ್ತಿದೆ. ಯಾಕೆ ಮೊದಲು ಅದನ್ನು ಒತ್ತಿದೆ, ಫೋನು ಯಾಕೆ ಎತ್ತಲಿಲ್ಲ ಎಂದು ಅದೀಬಾ ಕೇಳುತ್ತಾಳೆ. ನಿನ್ನ ಕೈ ಅದರ ಮೇಲಿರುವಾಗ ಅದು ಬೆಟ್ಟಕ್ಕೆ ಬಡಿಯಬಾರದು, ಅಷ್ಟೇ ಇತ್ತು ತಲೆಯಲ್ಲಿ. ಹಿಮ ರೆಕ್ಕೆಯ ಕೆಳಗೆ ಜಾರಿ ಹೋಯಿತು. ವಿಮಾನವನ್ನು ನೇರ ಮಾಡಿ, ತಾನೇ ಹಾರುವಂತೆ ಕಟ್ಟಿಟ್ಟು, ನಿಮ್ಮ ಮೇಲಿನ ಮನೆಯ ಉಮ್ ತನ್ನೂಸ್‌ಗೆ ಫೋನು ಮಾಡಿದೆ.

"ಯಾವ ನುಹಾದ್?"

"ಶುಕ್ರಿ ಹೆಂಡ್ತಿ. ನಿಮ್ಮ ಕೆಳಗಿನ ಮನೆ."

"ಓಹೋ, ಶುಕ್ರಿಗೆ ಹೆಂಡ್ತಿ ಇದ್ದಾಳಾ! ನಾನು ವಿಧುರ ಅಂತ ದಿನಾ ಒಂದು ತಟ್ಟೆ ಊಟ ಕಳಿಸ್ತಿದ್ದೀನಲ್ಲ."

"ಬೈಯೋದಾದ್ರೆ ಆಮೇಲೆ ಬೈರಿ. ಈಗ ಕೆಳಗೆ ಹೋಗಿ ಬಾಗಿಲು ತೆಗೆಸಿ. ಅವನು ಬಿದ್ದಿದ್ದಾನೆ."

"ಬಿದ್ದಿದ್ದು ಜಾಹ್ಲೆಯಿಂದ ನಿಂಗೆ ಹೇಗೆ ಕಾಣ್ಸುತ್ತೆ?"

ಏನು ಹೇಳಲಿ? "ವಿಮಾನ ಬಲಕ್ಕೆ ವಾಲಿತು" ಅಂದೆ.

"ಯಾ ಅದ್ರಾ, ಕನ್ಯಾ ಮರಿಯಮ್ಮಾ! ಇವಳಿಗೂ ಹುಚ್ಚು ಹಿಡೀತು" ಅಂದಳು. ಆದರೆ ನನ್ನ ದನಿ ಅವಳಿಗೆ ತಟ್ಟಿರಬೇಕು. ಫೋನನ್ನು ಇಡದೆಯೇ ಬಾಲ್ಕನಿಗೆ ಓಡಿದಳು. ನಿನ್ನ ಮನೆಯ ಬೀಗದಕೈ ಅಬು ಎಲ್ಯಾಸ್ ಬಳಿ ಇರುತ್ತದೆಂದು ಇಡೀ ಕಟ್ಟಡಕ್ಕೆ ಗೊತ್ತಿದೆ, ನನಗೆ ಗೊತ್ತಿರಲಿಲ್ಲ. ಅವಳು ಬೀದಿಗೆ ಕೂಗುವುದು ಕೇಳುತ್ತಿತ್ತು.

"ಅಬು ಎಲ್ಯಾಸ್! ಶುಕ್ರಿ ಬೀಗದಕೈ! ಬುಟ್ಟಿ ಇಳಿಸ್ತಿದ್ದೀನಿ, ಅದಕ್ಕೆ ಹಾಕು!"

"ಬುಟ್ಟಿ ಯಾಕೆ, ನಾನೇ ಹತ್ತಿ ಬರ್ತೀನಿ."

"ನಿನ್ನ ಮಂಡಿ ಐದು ಮಹಡಿ ಹತ್ತೋ ಹೊತ್ತಿಗೆ ಈಸ್ಟರ್ ಬರುತ್ತೆ. ಹಾಕು ಅಂದ್ರೆ ಹಾಕು!"

ಹಗ್ಗ ಕಂಬಿಗೆ ಉಜ್ಜುವ ಸದ್ದು ಫೋನಿನಲ್ಲಿ ಕೇಳಿತು. ಬೈರೂತಿನ ಬಾಲ್ಕನಿಗಳಿಂದ ಬುಟ್ಟಿ ಇಳಿದು ಏರುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದು ಅಷ್ಟು ನಿಧಾನವೆಂದು ಗೊತ್ತೇ ಇರಲಿಲ್ಲ.

ಆಮೇಲೆ ಅವಳು ಆಂಬುಲೆನ್ಸಿಗೆ ಕರೆಯಲು ನನ್ನ ಫೋನು ಕಡಿದಳು; ಕಿವಿಗವಸಿನಲ್ಲಿ ನಿನ್ನ ಮನೆಯ ಬಾಗಿಲು ತೆರೆಯಿತು. ಎರಡು ವರ್ಷದ ಮೇಲೆ ನಮ್ಮ ಬಾಗಿಲಿನ ಕಿರುಗುಟ್ಟುವಿಕೆ ಕೇಳಿದೆ. ಉಮ್ ತನ್ನೂಸ್ ಕಿರುಚಿದಳು. ಬುಟ್ಟಿ ಹೋದ ಮೇಲೂ ಅಬು ಎಲ್ಯಾಸ್ ಹತ್ತಿ ಬಂದಿದ್ದ. ಅವನ ಏದುಸಿರು, ನಿನ್ನ ಉಸಿರು, ಎರಡನ್ನೂ ಬೇರ್ಪಡಿಸಲು ಒದ್ದಾಡಿದೆ.

"ಈ ಗಡಗಡ ಎಲ್ಲಿಂದ? ಇಲ್ಲೂ ಯಾರಾದ್ರೂ ಜನರೇಟರ್ ಇಟ್ರಾ?"

"ಅವನ ವಿಮಾನ ಅದು. ನಿಲ್ಸು ಮೊದ್ಲು, ಆಂಬುಲೆನ್ಸ್‌ನೋರು ಹೇಳೋದು ಕೇಳಿಸ್ತಿಲ್ಲ!"

"ನೂರು ಗುಂಡಿ ಇವೆ, ತಾಯಿ. ಯಾವುದ್ನ ಒತ್ತಲಿ?"

ನಿಲ್ಲಿಸಬೇಡಿ ಎಂದು ಕೂಗಿದೆ. ನನ್ನ ಕೂಗು ನಿನ್ನ ಕಿವಿಗವಸಿನೊಳಗೆ ಮಾತ್ರ ಬೀಳುತ್ತಿತ್ತು, ಅದು ನಿನ್ನ ತಲೆಯ ಮೇಲಿತ್ತು. ಅಬು ಎಲ್ಯಾಸ್ ಜೀವಮಾನವಿಡೀ ತಂತಿ ಕಿತ್ತು ತಂತಿ ಜೋಡಿಸುವ ಒಂದೇ ಕೆಲಸ ಮಾಡಿದವನು. ಬ್ಯಾಟರಿಯ ತಂತಿಯನ್ನು ಹಿಡಿದು ಕಿತ್ತ. ನಿನ್ನ ಹೆಸರು ಬೂದಾಯಿತು.

ಈಗ ನಿಜವಾಗಿ ತಂತಿ ಕಡಿದಿತ್ತು, ನಿಜವಾಗಿ ಚುಕ್ಕಾಣಿ ನನ್ನದಾಗಿತ್ತು. ನಾನು ಒಂದು ಮಾತೂ ಆಡಲಿಲ್ಲ.

ಅದೀಬಾ ಬೀನ್ಸಿನ ಪಾತ್ರೆ ಹಿಡಿದೇ ಒಳಗೆ ಬಂದಳು. ಉಮ್ ತನ್ನೂಸ್ ಹೇಳಿ ತಿಳಿದ ರಂದಾ ಅವಳಿಗೆ ಫೋನು ಮಾಡಿದ್ದಳು. ಆಸ್ಪತ್ರೆಗೆ ಒಯ್ಯುತ್ತಿದ್ದಾರೆ, ಉಸಿರಿದೆ.

"ಏಳೇ, ಟ್ಯಾಕ್ಸಿ ಹೇಳಿದ್ದೀನಿ."

"ಇದನ್ನ ಹೇಗೆ ಬಿಟ್ಟು ಹೋಗ್ಲಿ?"

"ಅದ್ರೊಳಗೆ ಯಾರಿದ್ದಾರೆ? ಯಾರೂ ಇಲ್ಲ ತಾನೇ?"

ಎಷ್ಟು ಸುಲಭದ ಪ್ರಶ್ನೆ. ನಾನು ಎದ್ದೇಳಲಿಲ್ಲ. ನಿನ್ನ ವಿಮಾನ ಬೀಳಲು ಬಿಟ್ಟರೆ ನೀನು ದಾರಿಯಲ್ಲೇ ಹೋಗಿಬಿಡುತ್ತೀ ಎಂದು ನನ್ನೊಳಗಿನ ಯಾವುದೋ ಮುದುಕಿ ಹೇಳುತ್ತಿದ್ದಳು. ಔಷಧಿ ಶಾಸ್ತ್ರ ಓದಿದವಳಲ್ಲೂ ಆ ಮುದುಕಿ ಇರುತ್ತಾಳೆ. ಕೊನೆಗೆ ಅದೀಬಾ ನನ್ನನ್ನು ರಟ್ಟೆ ಹಿಡಿದು ಎಬ್ಬಿಸಿ, ತಾನೇ ಆ ಕುರ್ಚಿಯಲ್ಲಿ ಕುಳಿತಳು. "ಹೋಗು. ನಾನು ನೋಡ್ಕೋತೀನಿ. ಏನೂ ಮುಟ್ಟಲ್ಲ, ಸಂತ ಮಾರ್ ಎಲ್ಯಾಸ್ ಮೇಲಾಣೆ." ಅವಳ ತೊಡೆಯ ಮೇಲೆ ಬೀನ್ಸು, ಎದುರಿಗೆ ಸಿರಿಯಾದ ಮರುಭೂಮಿ.

ಟ್ಯಾಕ್ಸಿ ಬೆಟ್ಟ ಹತ್ತಿತು. ದಹರ್ ಅಲ್ ಬೈದರ್ ಎಂಬ ಬೆಟ್ಟದ ನೆತ್ತಿಯ ಹತ್ತಿರ ಮಂಜು; ಮುಂದಿನ ಲಾರಿಯ ಹಿಂದೀಪ ಮಾತ್ರ ಕಾಣುತ್ತಿತ್ತು. ಆಗ ಅದೀಬಾ ಫೋನು ಮಾಡಿದಳು.

"ನುಹಾದ್, ಒಂದು ಫ್ಯಾನ್ ನಿಂತೋಯ್ತು."

ಮೂರನೆಯದು. ಬಿಸಿಗಾಳಿಯ ಹಿಡಿಕೆಯನ್ನು ವಾಪಸ್ ತಳ್ಳುವುದನ್ನೇ ನಾನು ಮರೆತಿದ್ದೆ, ಬಿಸಿಯೇರಿ ನಿಂತಿತ್ತು. "ಉಳಿದ ಮೂರು ತಿರುಗ್ತಿವೆಯಾ?"

"ತಿರುಗ್ತಿವೆ. ಏನ್ ಮಾಡ್ಲಿ? ಕಾಪಾಡು ಅಂತ ಯಾರ್ನ ಕೇಳ್ಕೊಳ್ಲಿ, ಹೇಳು."

"ಏನೂ ಮಾಡ್ಬೇಡ. ಮೂರು ಸಾಕು."

ಡ್ರೈವರ್ ಕನ್ನಡಿಯಲ್ಲಿ ನೋಡಿ, "ಸೆಕೆ ಇನ್ನೂ ಶುರುವಾಗಿಲ್ವಲ್ಲಮ್ಮ, ಈಗ್ಲೇ ನಾಲ್ಕು ಫ್ಯಾನಾ?" ಅಂದ. ನನಗೆ ನಗು ಬಂತು. ನಗುತ್ತಿರುವಾಗಲೇ ಮಂಜು ಹರಿಯಿತು. ಕೆಳಗೆ ಕಡಲು, ಕಡಲಂಚಿಗೆ ಬೈರೂತ್. ಸಂಜೆಯ ಬಿಸಿಲು ಬಿದ್ದು ಊರಿನ ಕಿಟಕಿಗಳೆಲ್ಲ ಒಟ್ಟಿಗೆ ಹೊಳೆದವು. ಡ್ರೈವರಿನ ಹೆಗಲು ತಟ್ಟಿದೆ.

"ಇಳಿಸಪ್ಪಾ."

"ಇಲ್ಲೇನಾ? ಈ ಚಳೀಲಿ ಇಲ್ಲಿ ಕತ್ತೇನೂ ಇಳಿಯಲ್ಲ."

ಇಳಿದೆ. ರೊಟ್ಟಿಯಲ್ಲಿ ಗಟ್ಟಿ ಮೊಸರಿನ ಲಬ್ನೆ ಸುತ್ತಿ ಮಾರುವ ಅಂಗಡಿಯ ಬಳಿ ನಿಂತೆ. ಎದುರಿನಿಂದ ಬಂದ ವ್ಯಾನು ಹತ್ತಿ ಜಾಹ್ಲೆಗೆ ವಾಪಸ್ ಹೋದೆ. ನೀನು ಆಸ್ಪತ್ರೆಯ ಬಾಗಿಲು ಸೇರುವ ಹೊತ್ತಿಗೆ ನಿನ್ನ ಹೆಂಡತಿ ವಿರುದ್ಧ ದಿಕ್ಕಿಗೆ ಹೋಗುತ್ತಿದ್ದಳು. ರಂದಾಗೆ ದಾರಿಯಲ್ಲಿ ಹಿಮ ಬಿದ್ದಿದೆ, ರಸ್ತೆ ಮುಚ್ಚಿದೆ ಎಂದು ಹೇಳಿದೆ. ಮುಚ್ಚಿರಲಿಲ್ಲ, ಮಗಳೇ.

ಅದೀಬಾ ನಾನು ಬಿಟ್ಟ ಹಾಗೆಯೇ ಕುಳಿತಿದ್ದಳು. ಬೀನ್ಸು ಬಿಡಿಸಿ ಮುಗಿದಿತ್ತು, ಕೈ ಮಡಿಲಲ್ಲಿ ಕಟ್ಟಿಕೊಂಡಿದ್ದಳು, ಕಣ್ಣು ಮಿಟುಕಿಸಲೂ ಹೆದರಿದಂತಿದ್ದಳು. ಮೂರು ಎಂಜಿನ್ನಿನ ಮೇಲೆ ವಿಮಾನ ನದಿಯ ಬಯಲನ್ನು ತಲುಪಿತ್ತು. ಬಾಗ್ದಾದ್ ಹತ್ತಿರವಿತ್ತು. ಇಳಿಸುವುದು ಯಾವಾಗಲೂ ನಿನ್ನ ಕೆಲಸ. ನಾನು ಆ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ ಎಂದು ನಿನಗೆ ತಿಳಿದಿರಲಿಕ್ಕಿಲ್ಲ. ಸತ್ತ ಎಂಜಿನ್ನಿನ ಅಲಗುಗಳನ್ನು ಗಾಳಿಗೆ ಅಡ್ಡ ಬರದಂತೆ ತಿರುಗಿಸಿದೆ. ಚಕ್ರ ಇಳಿಸಿದೆ. ನೆಲ ಹತ್ತಿರ ಬಂದಾಗಲೂ ಕಣ್ಣು ತೆರೆದೇ ಇತ್ತು. ವಿಮಾನ ಒಮ್ಮೆ ಕುಪ್ಪಳಿಸಿತು, ಇನ್ನೊಮ್ಮೆ ಕುಪ್ಪಳಿಸಿತು, ಓಡುದಾರಿ ಮುಗಿದ ಮೇಲೂ ಓಡಿ ಮರಳಿನಲ್ಲಿ ನಿಂತಿತು. ಅದೀಬಾ ಚಪ್ಪಾಳೆ ತಟ್ಟಿದಳು. ಅವಳಿಗೆ ಎಲ್ಲವೂ ಮುಗಿಯಿತು ಅನಿಸಿತ್ತು.

ನಾನು ಅಲ್ಲೇ ಕುಳಿತು ಯೋಚಿಸಿದೆ. ಎಂದೂ ಇಳಿಸದ ವಿಮಾನವನ್ನು ಯಾರೂ ಇಲ್ಲದ ಊರಿನಲ್ಲಿ ಇಳಿಸಿದವಳು, ನೂರು ಸಲ ಇಳಿದ ಬೆಟ್ಟವನ್ನು ಇಳಿಯಲಾರದೆ ಹೋದಳು. ಭಯ ಗಾಜಿನದೇ ಎಂದು ಇಷ್ಟು ದಿನ ಎಲ್ಲರಿಗೂ ಹೇಳುತ್ತಿದ್ದೆ, ನನಗೂ ಹೇಳಿಕೊಳ್ಳುತ್ತಿದ್ದೆ. ಆ ದಿನ ಬೆಟ್ಟದ ನೆತ್ತಿಯಲ್ಲಿ ನಿಂತಾಗ ಗಾಜು ನೆನಪಿಗೇ ಬರಲಿಲ್ಲ. ನೆನಪಾದದ್ದು ನಿನ್ನ ಕಣ್ಣು. ಮಾತಿಲ್ಲದ ಮನುಷ್ಯನ ಕಣ್ಣನ್ನು ನೋಡುವುದೆಂದರೆ, ಅವನು ಏನನ್ನು ಕೇಳಿಸಿಕೊಂಡಿದ್ದಾನೆ ಎಂಬುದನ್ನು ನೋಡುವುದು.

ಆಮೇಲೆ ಬರೆಯುತ್ತೇನೆ ಎಂದಿದ್ದೆನಲ್ಲ. ಬರೆಯಲು ಕುಳಿತದ್ದೇ ಅದಕ್ಕೆ. ಇಷ್ಟು ಬರೆದೆ, ಅದೊಂದು ಬರಲಿಲ್ಲ. ರಂದಾಗೆ ದಣಿವಾಗಿರಬಹುದು. ನಿನಗೂ ಆಗಿರಬಹುದು. ನೀರು ಕುಡಿಸಿದ್ದಾಳೆಯೇ? ಚಮಚದಲ್ಲಿ, ತಲೆ ಸ್ವಲ್ಪ ಎತ್ತಿ, ನಿಧಾನ.

ನಿನ್ನ ಎಂಜಿನಿಯರ್,
ನುಹಾದ್

ಮರೆತ ಮಾತು: ರಂದಾ, ಕಾಗದ ಮಡಚಬೇಡ, ಇದನ್ನೂ ಓದು.

ಶುಕ್ರಿ, ತಂತಿ ಸತ್ತಿದೆಯೆಂದುಕೊಂಡು ಆ ದಿನ ನಾನು ಹೇಳಿದ್ದು ಇದು: "ಇಲ್ಲೇ ಒಂದು ಔಷಧಿ ಅಂಗಡೀಲಿ ಕೆಲಸಕ್ಕೆ ಒಪ್ಕೊಂಡಿದ್ದೀನಿ. ಒಂದು ಮನೇನೂ ನೋಡಿದ್ದೀನಿ. ನಾನಿನ್ನು ವಾಪಸ್ ಬರಲ್ಲ. ನೀನು ಕೇಳಿಸ್ಕೊಳ್ಳೋ ಹಾಗಿದ್ರೆ ನಂಗೆ ಇದನ್ನ ಹೇಳೋಕಾಗಲ್ಲ." ಅದಾದ ಮೇಲೆ ವಿಮಾನ ವಾಲಿತು. ನೀನು ಮೊದಲೇ ಬಿದ್ದಿದ್ದೆಯೋ, ಮಾತು ಕೇಳಿ ಬಿದ್ದೆಯೋ ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಾಗುವುದಿಲ್ಲ. ನಿನಗೆ ಮಾತ್ರ ಗೊತ್ತು.

ಈ ಕಾಗದ ಜಾಹ್ಲೆಯಲ್ಲಿ ಬರೆದದ್ದಲ್ಲ. ಬೆಳಿಗ್ಗೆಯೇ ಬೆಟ್ಟ ಇಳಿದೆ. ನಿನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ, ರಂದಾಗೂ ಗೊತ್ತಿಲ್ಲ. ನರ್ಸಿನ ಕೈಯಲ್ಲಿ ಒಳಗೆ ಕಳಿಸುತ್ತೇನೆ. ನಾನು ಬೇಡವೆಂದಾದರೆ ಎಡಗೈ ಎತ್ತು. ರಂದಾ ಹೊರಗೆ ಬಂದು ಹೇಳಲಿ, ಹೊರಟುಹೋಗುತ್ತೇನೆ. ಎತ್ತದಿದ್ದರೆ, ರಂದಾ, ನೀನು ಬಾಗಿಲು ತೆರೆಯಬೇಡ. ನಾನೇ ತೆರೆಯುತ್ತೇನೆ. ಸ್ವಲ್ಪ ಹೊತ್ತು ಹಿಡಿಯಬಹುದು.